ಜೀಪಿನ ಬೆನ್ನಿಗೆ ಬಿದ್ದ ಪುಟ್ಟ ಗಾಡಿ

ಜೀಪು ಎಂದೊಡನೆ ಕಣ್ಣೆದುರು ನಿಲ್ಲುವುದು ಅದರ ಮುಖ. ಉದ್ದ ಸೀಳುಗಳ ಜಾಲರಿ, ಎರಡು ದುಂಡು ದೀಪ, ಚಪ್ಪಟೆ ಬಾನೆಟ್ಟು, ಬೇಕೆಂದಾಗ ಮುಂದಕ್ಕೆ ಮಡಚಬಹುದಾದ ಗಾಜು. ಯುದ್ಧದ ಸಿನಿಮಾಗಳಲ್ಲಿ, ಚುನಾವಣಾ ಪ್ರಚಾರದ ದೂಳಿನಲ್ಲಿ, ಅರಣ್ಯ ಇಲಾಖೆಯ ಕಚೇರಿಗಳ ಅಂಗಳದಲ್ಲಿ ನಾವು ಕಂಡದ್ದು ಈ ಮುಖವನ್ನೇ. ಆದರೆ ಕೊಡಗು, ಚಿಕ್ಕಮಗಳೂರಿನ ತೋಟದವರಿಗೆ ಜೀಪಿನ ಬೆನ್ನೂ ಅಷ್ಟೇ ಪರಿಚಿತ. ಅಲ್ಲೊಂದು ಕೊಂಡಿ. ಕೊಂಡಿಗೆ ಸಿಕ್ಕಿಸಿದ ಎರಡು ಚಕ್ರದ ಪುಟ್ಟ ಟ್ರೈಲರ್. ಗೊಬ್ಬರದ ಚೀಲ, ಕಾಫಿ ಹಣ್ಣು, ಸೌದೆ, ನೀರಿನ ಡ್ರಮ್ಮು ಎಲ್ಲವೂ ಅದರೊಳಗೆ.

ಯಾರೂ ಎರಡನೇ ಸಲ ತಿರುಗಿ ನೋಡದ ಈ ಗಾಡಿಗೂ ಒಂದು ಚರಿತ್ರೆಯಿದೆ. ಅದರಲ್ಲಿ ಸ್ವಲ್ಪ ಅನ್ಯಾಯದ ಕಥೆಯೂ ಬೆರೆತಿದೆ. ಜೀಪನ್ನು ಮೊಟ್ಟಮೊದಲು ಕಟ್ಟಿದ ಕಂಪನಿಗೆ ಕೊನೆಯಲ್ಲಿ ದಕ್ಕಿದ್ದು ಜೀಪಲ್ಲ, ಅದರ ಹಿಂದೆ ಉರುಳುವ ಈ ಟ್ರೈಲರ್!

49 ದಿನಗಳ ಗಡುವು

1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಹಿಟ್ಲರನ ಸೇನೆಗೆ ಶರಣಾಯಿತು. ಜರ್ಮನಿಯ ಸೇನೆ ಮುನ್ನುಗ್ಗಿದ ವೇಗ ಅಮೆರಿಕದ ಸೇನಾಧಿಕಾರಿಗಳ ನಿದ್ದೆಗೆಡಿಸಿತ್ತು. ಶತ್ರುವಿನ ನೆಲೆಯನ್ನು ನೋಡಿಕೊಂಡು ಬರಲು, ಸುದ್ದಿ ಮುಟ್ಟಿಸಲು, ಸಣ್ಣ ತುಪಾಕಿಯೊಂದನ್ನು ಎಳೆದೊಯ್ಯಲು ಅವರ ಬಳಿ ಇದ್ದುದು ಕುದುರೆ, ಹೇಸರಗತ್ತೆ ಮತ್ತು ಮೋಟಾರ್ ಸೈಕಲ್ಲು. ಕುದುರೆಯಷ್ಟು ಹಗುರಾಗಿ ನುಸುಳಬೇಕು, ಲಾರಿಯಂತೆ ದುಡಿಯಬೇಕು. ಅಂಥ ವಾಹನ ಬೇಕಿತ್ತು.

ಜುಲೈ ತಿಂಗಳಲ್ಲಿ ಸೇನೆ 135 ಕಂಪನಿಗಳಿಗೆ ಆಹ್ವಾನ ಕಳುಹಿಸಿತು. ಷರತ್ತುಗಳನ್ನು ಓದಿಯೇ ಬಹುತೇಕ ಕಂಪನಿಗಳು ಹಿಂದೆ ಸರಿದವು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯಬೇಕು, ವಾಹನದ ತೂಕ 1,300 ಪೌಂಡ್ ಅಂದರೆ ಸುಮಾರು 590 ಕಿಲೋ ಮೀರಬಾರದು, ಮೊದಲ ಮಾದರಿ 49 ದಿನಗಳಲ್ಲಿ ಸೇನೆಯ ಕೈ ಸೇರಬೇಕು. ಬಿಡ್ ಸಲ್ಲಿಸಿದ್ದು ಎರಡೇ ಕಂಪನಿಗಳು. ಒಂದು ವಿಲ್ಲೀಸ್ ಓವರ್‌ಲ್ಯಾಂಡ್. ಇನ್ನೊಂದು ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್.

ಬ್ಯಾಂಟಮ್ ಆಗ ಕೊನೆಯುಸಿರು ಎಳೆಯುತ್ತಿದ್ದ ಸಂಸ್ಥೆ. ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಕಾರಿನ ಮಾದರಿಯಲ್ಲಿ ಪುಟ್ಟ ಕಾರುಗಳನ್ನು ಮಾಡಿ ಮಾರಲು ಹೊರಟಿದ್ದ ಕಂಪನಿ ಒಮ್ಮೆ ದಿವಾಳಿಯಾಗಿ, ಹೊಸ ಮಾಲೀಕರ ಕೈಗೆ ಬಂದು, ಮತ್ತೆ ಅದೇ ಹಾದಿ ಹಿಡಿದಿತ್ತು. ಭಾರಿ ಕಾರುಗಳ ದೇಶದಲ್ಲಿ ಪುಟ್ಟ ಕಾರನ್ನು ಕೊಳ್ಳುವವರಿರಲಿಲ್ಲ. ಸೇನೆಯ ಕರೆ ಬ್ಯಾಂಟಮ್‌ಗೆ ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿಯಂತಿತ್ತು.

ನಕ್ಷೆ ಬರೆಯಲು ಕಂಪನಿಯಲ್ಲಿ ತಕ್ಕ ಎಂಜಿನಿಯರ್ ಇರಲಿಲ್ಲ. ಡೆಟ್ರಾಯಿಟ್‌ನಿಂದ ಕಾರ್ಲ್ ಪ್ರೋಬ್ಸ್ಟ್ ಎಂಬ ಸ್ವತಂತ್ರ ಎಂಜಿನಿಯರನ್ನು ಕರೆಸಲಾಯಿತು. ಜುಲೈ 17ರಂದು ಕೆಲಸ ಆರಂಭಿಸಿದ ಪ್ರೋಬ್ಸ್ಟ್ ಎರಡೇ ದಿನಗಳಲ್ಲಿ ವಾಹನದ ನಕ್ಷೆಯನ್ನು ಸಿದ್ಧಗೊಳಿಸಿದ. ಸಿಕ್ಕಿದ ಬಿಡಿಭಾಗಗಳನ್ನು ಕೂಡಿಸಿ, ಸಿಗದವನ್ನು ಕೈಯಲ್ಲೇ ಮಾಡಿ ಮಾದರಿ ನಿಲ್ಲಿಸಿದರು. ಸೆಪ್ಟೆಂಬರ್ 23ರ ಸಂಜೆ 5 ಗಂಟೆ ಕೊನೆಯ ಗಡುವು. ಮೇರಿಲ್ಯಾಂಡ್‌ನ ಹೋಲಾಬರ್ಡ್ ಸೇನಾ ಶಿಬಿರಕ್ಕೆ ಪ್ರೋಬ್ಸ್ಟ್ ವಾಹನ ಓಡಿಸಿಕೊಂಡು ತಲುಪಿದಾಗ ಉಳಿದಿದ್ದುದು ಅರ್ಧ ಗಂಟೆಯಷ್ಟು ಸಮಯ. ತೂಕ ಷರತ್ತಿಗಿಂತ ಹೆಚ್ಚಿತ್ತು. ಆದರೂ ಅದು ಓಡಿದ ಪರಿಯನ್ನು ಕಂಡ ಸೇನೆಗೆ ತಾನು ಹುಡುಕುತ್ತಿದ್ದುದು ಸಿಕ್ಕಿತೆಂಬುದು ಖಚಿತವಾಯಿತು.

ಕೈ ಬದಲಾದ ನಕ್ಷೆ

ಬ್ಯಾಂಟಮ್‌ನ ಸಂತೋಷ ಬಹಳ ಕಾಲ ಉಳಿಯಲಿಲ್ಲ. ಇಷ್ಟು ಸಣ್ಣ ಕಾರ್ಖಾನೆ ಸೇನೆಗೆ ಬೇಕಾದಷ್ಟು ವಾಹನಗಳನ್ನು ಒದಗಿಸೀತೇ ಎಂಬ ಸಂದೇಹ ಅಧಿಕಾರಿಗಳನ್ನು ಕಾಡಿತು. ನಕ್ಷೆ ಸರ್ಕಾರದ ಸ್ವತ್ತು ಎಂಬ ನೆಲೆಯಲ್ಲಿ ಅದನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಮುಂದೆ ಹರಡಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಎರಡೂ ಕಂಪನಿಗಳು ತಮ್ಮ ತಮ್ಮ ಮಾದರಿಗಳೊಂದಿಗೆ ಬಂದವು. ಬ್ಯಾಂಟಮ್‌ನ ಚಹರೆ ಅವೆರಡರಲ್ಲೂ ಎದ್ದು ಕಾಣುತ್ತಿತ್ತು.

ವಿಲ್ಲೀಸ್‌ನ ಬತ್ತಳಿಕೆಯಲ್ಲಿ ಒಂದು ಬಾಣವಿತ್ತು. ಅದು ಬಾರ್ನಿ ರೂಸ್ ಎಂಬ ಎಂಜಿನಿಯರ್ ತಿದ್ದಿ ತೀಡಿದ 60 ಅಶ್ವಶಕ್ತಿಯ ಎಂಜಿನ್. ಬ್ಯಾಂಟಮ್‌ನದು 45ರ ಆಸುಪಾಸು. ವಿಲ್ಲೀಸ್ ಮಾದರಿ ಭಾರವಾಗಿತ್ತು. ಸೇನೆ ತೂಕದ ಮಿತಿಯನ್ನು 2,160 ಪೌಂಡಿಗೆ ಏರಿಸಿತು. ಬೋಲ್ಟುಗಳ ಹೆಚ್ಚುವರಿ ಉದ್ದವನ್ನೂ ಕತ್ತರಿಸಿ, ಬಣ್ಣವನ್ನೂ ತೆಳುವಾಗಿ ಬಳಿದು ರೂಸ್ ಆ ಮಿತಿಯೊಳಗೆ ಬಂದ. 1941ರ ಜುಲೈನಲ್ಲಿ 16,000 ವಾಹನಗಳ ದೊಡ್ಡ ಗುತ್ತಿಗೆ ವಿಲ್ಲೀಸ್ ಪಾಲಾಯಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಫೋರ್ಡ್ ಎರಡನೇ ತಯಾರಕನಾಗಿ ಸೇರಿಕೊಂಡಿತು. ಯುದ್ಧ ಮುಗಿಯುವ ವೇಳೆಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದಿದ್ದವು. ಬ್ಯಾಂಟಮ್ ಕಟ್ಟಿದ್ದು 2,700ರ ಸುಮಾರಿನಷ್ಟೇ.

ತಾನು ಹೆತ್ತ ಕೂಸು ಇನ್ನೊಬ್ಬರ ಮನೆಯಲ್ಲಿ ಬೆಳೆಯುವುದನ್ನು ನೋಡುತ್ತಾ ಕೂತ ಬ್ಯಾಂಟಮ್‌ಗೆ ಸೇನೆ ಬೇರೊಂದು ಕೆಲಸ ಕೊಟ್ಟಿತು. ಜೀಪಿನ ಹಿಂದೆ ಕಟ್ಟುವ ಕಾಲು ಟನ್ನಿನ ಟ್ರೈಲರ್! ಬಟ್ಲರಿನ ಕಾರ್ಖಾನೆಯಿಂದ ಅಂಥ 70 ಸಾವಿರಕ್ಕೂ ಹೆಚ್ಚು ಟ್ರೈಲರುಗಳು ಹೊರಬಿದ್ದವು. ವಿಲ್ಲೀಸ್ ಕೂಡ ಟ್ರೈಲರ್ ಮಾಡಿತು.

ತೇಲುವ ತೊಟ್ಟಿ

ಜೀಪಿಗೆ ಟ್ರೈಲರ್ ಏಕೆ ಬೇಕಾಯಿತು? ಜೀಪು ಚುರುಕು, ಆದರೆ ಅದರ ಹೊಟ್ಟೆ ಚಿಕ್ಕದು. ನಾಲ್ವರು ಸೈನಿಕರು ಕೂತರೆ ಮದ್ದುಗುಂಡು, ನೀರು, ಪೆಟ್ರೋಲ್ ಡಬ್ಬ, ವೈರ್‌ಲೆಸ್ ಸಲಕರಣೆಗಳಿಗೆ ಜಾಗವೇ ಇಲ್ಲ. ವಾಹನವನ್ನು ದೊಡ್ಡದು ಮಾಡಿದರೆ ಅದರ ಗುಣವೇ ಕೆಡುತ್ತದೆ. ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ಬಿಚ್ಚಿಡುವ ಇನ್ನೊಂದು ಹೊಟ್ಟೆಯೇ ಇದಕ್ಕೆ ಪರಿಹಾರ.

ಟ್ರೈಲರಿನ ಸ್ವಂತ ತೂಕ 250 ಕಿಲೋದ ಸುಮಾರು. ಹೊರುತ್ತಿದ್ದುದು ಸುಮಾರು 225 ಕಿಲೋ. ಅದರ ಚಕ್ರ ಮತ್ತು ಟೈರುಗಳು ಜೀಪಿನವೇ. ಜೀಪಿನ ಟೈರು ಸಿಡಿದರೆ ಟ್ರೈಲರಿನ ಚಕ್ರ ಕಳಚಿ ಹಾಕಬಹುದಿತ್ತು. ಎರಡು ಚಕ್ರಗಳ ನಡುವಿನ ಅಂತರವೂ ಜೀಪಿನಷ್ಟೇ. ಹೀಗಾಗಿ ಕೆಸರಿನಲ್ಲಿ ಜೀಪು ಕೊರೆದ ಹಳ್ಳದಲ್ಲೇ ಟ್ರೈಲರ್ ಹಿಂಬಾಲಿಸುತ್ತಿತ್ತು, ಹೊಸ ಕೆಸರನ್ನು ಸೀಳುವ ಶ್ರಮ ಅದಕ್ಕಿರಲಿಲ್ಲ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಅದರ ಒಡಲು. ಉಕ್ಕಿನ ತಗಡಿನ ಆ ತೊಟ್ಟಿಗೆ ನೀರು ಒಳನುಗ್ಗುವ ಸಂದುಗಳಿರಲಿಲ್ಲ. ತಳದ ರಂಧ್ರಗಳಿಗೆ ಬಿರಡೆ ಹಾಕಿದರೆ ಸಾಮಾನಿನ ಸಮೇತ ಅದು ನೀರಿನ ಮೇಲೆ ತೇಲುತ್ತಿತ್ತು. ಸೇತುವೆ ಮುರಿದ ಹೊಳೆಯನ್ನು ದಾಟುವಾಗ ನೆಲದ ಮೇಲಿನ ಗಾಡಿ ದೋಣಿಯಾಗುತ್ತಿತ್ತು. ಆಚೆ ದಡ ಸೇರಿ ಬಿರಡೆ ತೆಗೆದರೆ ಒಳಗೆ ಸೇರಿದ ಅಷ್ಟಿಷ್ಟು ನೀರೂ ಸುರಿದು ಹೋಗುತ್ತಿತ್ತು. 1944ರಲ್ಲಿ ಹಾಲೆಂಡಿನ ಆರ್ನೆಮ್‌ನಲ್ಲಿ ಬ್ರಿಟಿಷ್ ಪಡೆಗಳು ಇಳಿದಾಗ ಎಂಜಿನ್ನಿಲ್ಲದ ಗ್ಲೈಡರ್ ವಿಮಾನಗಳ ಹೊಟ್ಟೆಯೊಳಗೆ ಜೀಪುಗಳ ಜೊತೆ ಟ್ರೈಲರುಗಳೂ ಇದ್ದವು.

ಟ್ರೈಲರ್ ತೇಲಬಹುದಾದರೆ ಜೀಪೇ ಏಕೆ ತೇಲಬಾರದು? ಫೋರ್ಡ್ ಕಂಪನಿ 1942-43ರಲ್ಲಿ 12 ಸಾವಿರಕ್ಕೂ ಹೆಚ್ಚು ತೇಲುವ ಜೀಪುಗಳನ್ನು ತಯಾರಿಸಿತು. ಅವು ಭಾರವಾಗಿದ್ದವು, ಅಲೆಗಳಿದ್ದ ಕಡೆ ಕೈಕೊಟ್ಟವು. ಅಂಥ ಒಂದನ್ನು 1946ರಲ್ಲಿ ಬಂಗಾಳದ ಪಾಂಡವೇಶ್ವರ ವಾಯುನೆಲೆಯಲ್ಲಿ ಕಂಡ ಬೆನ್ ಕಾರ್ಲಿನ್ ಎಂಬ ಆಸ್ಟ್ರೇಲಿಯನ್ನನಿಗೆ ಅದರಲ್ಲೇ ಭೂಮಿ ಸುತ್ತುವ ಹುಚ್ಚು ಹತ್ತಿತು. 1950ರಲ್ಲಿ ಪತ್ನಿಯೊಂದಿಗೆ ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಹೊರಟು ಅಟ್ಲಾಂಟಿಕ್ ದಾಟಿದ ಆತ 1958ರಲ್ಲಿ ಮಾಂಟ್ರಿಯಲ್‌ಗೆ ಮರಳಿ ಪ್ರದಕ್ಷಿಣೆ ಮುಗಿಸಿದ.

ಬರ್ಮಾದ ಹಳಿಗಳ ಮೇಲೆ

ಜೀಪಿನ ಎಳೆಯುವ ಶಕ್ತಿಗೆ ಅತ್ಯಂತ ವಿಚಿತ್ರ ಪರೀಕ್ಷೆ ನಡೆದದ್ದು ನಮ್ಮ ಪಕ್ಕದ ಬರ್ಮಾದಲ್ಲಿ. 1944ರಲ್ಲಿ ಮಿತ್ರಪಡೆಗಳು ಜಪಾನೀಯರನ್ನು ಹಿಮ್ಮೆಟ್ಟಿಸುತ್ತಾ ಮೊಗಾಂಗ್, ಮಿಚಿನಾ ಭಾಗಕ್ಕೆ ಬಂದಾಗ ಅಲ್ಲಿ ಹಳಿಗಳಿದ್ದವು, ಓಡುವ ರೈಲ್ವೆ ಎಂಜಿನ್‌ಗಳಿರಲಿಲ್ಲ. ಮಳೆಗಾಲದ ಕೆಸರಿನಲ್ಲಿ ರಸ್ತೆ ಎಂಬುದೇ ಇರಲಿಲ್ಲ. ಸೈನಿಕರು ಜೀಪಿನ ಟೈರು ತೆಗೆದು ರೈಲಿನ ಚಕ್ರ ಜೋಡಿಸಿದರು. ಹಿಂದೆ ವ್ಯಾಗನ್‌ಗಳನ್ನು ಕಟ್ಟಿದರು. ಮದ್ದುಗುಂಡು ಒಯ್ದು, ಗಾಯಾಳುಗಳನ್ನು ಹೊತ್ತು ತಂದ ಈ 'ಜೀಪ್ ರೈಲು'ಗಳು ಆ ರಂಗದ ಜೀವನಾಡಿಗಳಲ್ಲೊಂದಾದವು. ಕೆಸರಿನಲ್ಲಿ ಕಾಲು ಟನ್ ಎಳೆಯಲು ಏದುಸಿರು ಬಿಡುವ ವಾಹನ ಉಕ್ಕಿನ ಹಳಿಯ ಮೇಲೆ ಅದರ ಎಷ್ಟೋ ಪಟ್ಟು ಭಾರ ಎಳೆಯಬಲ್ಲದು. ಏಕೆಂದರೆ ಉರುಳುವ ಚಕ್ರಕ್ಕೆ ಅಲ್ಲಿ ಎದುರಾಗುವ ತಡೆ ಬಹಳ ಕಡಿಮೆ.

ನೊಗದ ಲೆಕ್ಕ

ಒಂದು ಟನ್ನಿನಷ್ಟೇ ತೂಗುವ ವಾಹನ ತನ್ನ ಅರ್ಧದಷ್ಟು ಭಾರವನ್ನು ಗುಡ್ಡ ಹತ್ತಿಸುವ ಗುಟ್ಟು ಎರಡು ಕಡೆ ಇದೆ. ಮೊದಲನೆಯದು ನಾಲ್ಕು ಚಕ್ರಗಳ ಹಿಡಿತ. ಹಿಂದಿನ ಎರಡು ಜಾರಿದರೂ ಮುಂದಿನವು ನೆಲ ಕಚ್ಚುತ್ತವೆ. ಪಾಚಿಗಟ್ಟಿದ ದಡದಿಂದ ದೋಣಿಯನ್ನು ಮೇಲೆಳೆಯಲು ಇಂಥ ವಾಹನವನ್ನು ಜನ ಆರಿಸುವುದು ಇದಕ್ಕಾಗಿಯೇ. ದೋಣಿಯ ಟ್ರೈಲರನ್ನು ನೀರಿಗಿಳಿಸುವಾಗ ಹಿಂದಿನ ಚಕ್ರಗಳು ಒದ್ದೆ ಇಳಿಜಾರಿನ ಮೇಲಿರುತ್ತವೆ, ಮುಂದಿನ ಚಕ್ರಗಳು ಒಣ ನೆಲದ ಮೇಲಿರುತ್ತವೆ. ಎರಡನೆಯದು ಹೆಚ್ಚುವರಿ ಗೇರು. ಅದನ್ನು ಹಾಕಿದಾಗ ವೇಗ ಅರ್ಧಕ್ಕಿಳಿಯುತ್ತದೆ, ಚಕ್ರದ ತಿರುಗುಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಆದರೆ ಎಳೆಯುವುದಕ್ಕಿಂತ ಕಷ್ಟದ್ದು ಹಿಡಿದಿಡುವುದು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಉರುಳಾಗುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹೇರುವುದು ಒಂದು ಕಲೆ. ಟ್ರೈಲರಿನ ಲೆಕ್ಕವೂ ಇದೇ. ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಭಾರ ಕೊಂಡಿಯ ಮೇಲೆ ಕೂರಬೇಕು ಎಂಬುದು ಚಾಲಕರು ಪಾಲಿಸುವ ಅಂದಾಜು. ಭಾರ ಅಚ್ಚಿನಿಂದ ಹಿಂದಕ್ಕೆ ಸರಿದರೆ ವೇಗ ಏರಿದಂತೆ ಟ್ರೈಲರ್ ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಉದ್ದನೆಯ ಲಾರಿ ಇದನ್ನು ತಡೆದುಕೊಂಡೀತು. ಗಿಡ್ಡ ಮೈಯ ಜೀಪನ್ನು ಅದು ತಿರುಗಿಸಿಯೇ ಬಿಡಬಹುದು.

ಘಾಟಿ ಇಳಿಯುವಾಗ ಇನ್ನೊಂದು ಅಪಾಯ. ಯುದ್ಧಕಾಲದ ಆ ಟ್ರೈಲರಿಗೆ ನಿಲ್ಲಿಸಿದಾಗ ಹಾಕುವ ಕೈಬ್ರೇಕು ಮಾತ್ರ ಇತ್ತು. ಓಟದಲ್ಲಿ ಅದರ ಭಾರವನ್ನೂ ತಡೆಯಬೇಕಾದದ್ದು ಜೀಪಿನ ಬ್ರೇಕುಗಳೇ. ಇಳಿಜಾರಿನಲ್ಲಿ ಎಳೆಯುವವನನ್ನೇ ಎಳೆಸಿಕೊಳ್ಳುವವನು ತಳ್ಳುತ್ತಾನೆ! ಆದ್ದರಿಂದಲೇ ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಬುದ್ಧಿವಾದ.

ಭಾರತಕ್ಕೆ ಬಂದ ಬಗೆ

ಯುದ್ಧಕಾಲದಲ್ಲಿ ಭಾರತ ಸರ್ಕಾರದ ಖರೀದಿ ನಿಯೋಗದ ಹೊಣೆ ಹೊತ್ತು ಕೆ.ಸಿ. ಮಹೀಂದ್ರಾ ಅಮೆರಿಕದಲ್ಲಿದ್ದರು. ಅಲ್ಲಿ ಅವರು ವಿಲ್ಲೀಸ್‌ನ ಬಾರ್ನಿ ರೂಸ್‌ನನ್ನು ಭೇಟಿಯಾದರು. ನೆಟ್ಟಗಿನ ರಸ್ತೆಗಳಿಲ್ಲದ ಭಾರತಕ್ಕೆ ಈ ವಾಹನ ಹೇಳಿ ಮಾಡಿಸಿದಂತಿದೆ ಎಂಬುದು ಅವರಿಗೆ ಹೊಳೆಯಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರಾ ಅಂಡ್ ಮೊಹಮ್ಮದ್ ಸಂಸ್ಥೆ, ದೇಶ ವಿಭಜನೆಯ ನಂತರ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಹಣಕಾಸು ಸಚಿವರಾಗಿ ಹೋದ ಮೇಲೆ, ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. 1949ರಲ್ಲಿ ಬಿಡಿಭಾಗಗಳಾಗಿ ಬಂದ 75 ವಿಲ್ಲೀಸ್ ಜೀಪುಗಳನ್ನು ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸಲಾಯಿತು. ಅಲ್ಲಿಂದ ಮುಂದೆ ಜೀಪು ನಮ್ಮದೇ ಆಯಿತು.

ಮಲೆನಾಡಿನಲ್ಲಿ ಅದು ಬೇರೂರಿದ್ದಕ್ಕೆ ಕಾರಣ ನೆಲದ ಗುಣ. ತೋಟದ ಕಡಿದಾದ ದಾರಿಯಲ್ಲಿ ಮಳೆಗಾಲದಲ್ಲಿ ಲಾರಿ ಇಳಿಯದು, ಟ್ರ್ಯಾಕ್ಟರಿನ ದೊಡ್ಡ ಟ್ರೈಲರ್ ಕಿರಿದಾದ ತಿರುವಿನಲ್ಲಿ ಹೊರಳದು. ಜೀಪು ಮತ್ತು ಅದರ ಪುಟ್ಟ ಗಾಡಿ ಎರಡೂ ಮಾಡುತ್ತವೆ. ಯುದ್ಧಭೂಮಿಗೆಂದು ಹೊಸೆದ ಜೋಡಿ ಕಾಫಿ ಗಿಡಗಳ ನಡುವೆ ನೆಲೆ ಕಂಡುಕೊಂಡದ್ದು ಹೀಗೆ.

ತಡವಾಗಿ ಬಂದ ತೀರ್ಪು

ಇತ್ತ ಅಮೆರಿಕದಲ್ಲಿ ವಿಲ್ಲೀಸ್ ಕಂಪನಿ ಜೀಪಿನ ಜನಕ ತಾನೇ ಎಂದು ಜಾಹೀರಾತು ಕೊಡುತ್ತಿತ್ತು. ವಿಷಯ ಫೆಡರಲ್ ಟ್ರೇಡ್ ಕಮಿಷನ್ ಎದುರು ಬಂತು. ಸೇನಾಧಿಕಾರಿಗಳೊಂದಿಗೆ ಕೂಡಿ ಜೀಪಿನ ಕಲ್ಪನೆಗೆ ಮೊದಲು ರೂಪ ಕೊಟ್ಟದ್ದು ಬ್ಯಾಂಟಮ್, ಆದ್ದರಿಂದ ವಿಲ್ಲೀಸ್ ಹಾಗೆ ಹೇಳಿಕೊಳ್ಳಕೂಡದು ಎಂದು ಆಯೋಗ 1948ರಲ್ಲಿ ನಿರ್ಣಯ ನೀಡಿತು. ಬ್ಯಾಂಟಮ್‌ಗೆ ಕೀರ್ತಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಎರಡೇ ವರ್ಷಗಳಲ್ಲಿ, 1950ರಲ್ಲಿ, 'ಜೀಪ್' ಎಂಬ ಹೆಸರಿನ ಟ್ರೇಡ್‌ಮಾರ್ಕ್ ವಿಲ್ಲೀಸ್ ಹೆಸರಿಗೇ ದಾಖಲಾಯಿತು. ಯುದ್ಧಾನಂತರವೂ ಕೆಲವು ವರ್ಷ ಟ್ರೈಲರುಗಳನ್ನೇ ಮಾಡಿ ಮಾರುತ್ತಾ ಬ್ಯಾಂಟಮ್ 1950ರ ದಶಕದಲ್ಲಿ ಬೇರೊಂದು ಕಂಪನಿಯಲ್ಲಿ ಕರಗಿಹೋಯಿತು.

ಸೇನೆಯ ನಿರ್ಧಾರವನ್ನು ಪೂರ್ತಿ ತಪ್ಪೆನ್ನಲಾಗದು. ಬಟ್ಲರಿನ ಕಾರ್ಖಾನೆಯೊಂದೇ ಆರು ಲಕ್ಷ ಜೀಪುಗಳನ್ನು ಕಟ್ಟುವುದು ಸಾಧ್ಯವಿರಲಿಲ್ಲ, ಯುದ್ಧ ಕಾಯುವುದೂ ಇಲ್ಲ. ಆದರೆ ಅಗತ್ಯ ಎಂಬ ಮಾತು ಎಷ್ಟು ನಿಜವೋ, ಅದರ ಬೆಲೆಯನ್ನು ತೆತ್ತವರು ಸಣ್ಣವರು ಎಂಬುದೂ ಅಷ್ಟೇ ನಿಜ. 2011ರಲ್ಲಿ ಬಟ್ಲರಿನ ಜನ ತಮ್ಮ ಊರೇ ಜೀಪಿನ ತವರು ಎಂದು ಸಾರುವ ಉತ್ಸವವೊಂದನ್ನು ಆರಂಭಿಸಿದರು. ಎಪ್ಪತ್ತು ವರ್ಷಗಳ ಅನಂತರವೂ ಊರಿಗೆ ಆ ನೆನಪು ಮಾಸಿರಲಿಲ್ಲ.

ಹೆಸರು ಮುಂದಿನ ವಾಹನದ್ದು, ಭಾರ ಹಿಂದಿನ ಗಾಡಿಯದ್ದು. ತೋಟದ ದಾರಿಯಲ್ಲಿ ಜೀಪಿನ ಹಿಂದೆ ಕುಲುಕುತ್ತಾ ಸಾಗುವ ಟ್ರೈಲರನ್ನು ಕಂಡಾಗ ಬ್ಯಾಂಟಮ್ ಎಂಬ ಹೆಸರನ್ನೂ ಒಮ್ಮೆ ನೆನೆಯುವುದು ನ್ಯಾಯ.