ಕುಲಾವಿಯಿಂದ ಕೌದಿಯವರೆಗೆ

ಆತುರಗಾರರನ್ನು ಕಂಡಾಗ "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು" ಎಂದು ನಗುತ್ತೇವೆ. ಆ ಕುಲಾವಿಯನ್ನು ಹೊಲಿದವರು ಯಾರೆಂದು ಮಾತ್ರ ಕೇಳುವುದಿಲ್ಲ. ದಾವಣಗೆರೆಯ ಓಣಿಗಳಲ್ಲಾಗಲಿ, ಹರಿಹರದ ಕಡೆಯ ಕೊಕ್ಕನೂರಿನಂಥ ಹಳ್ಳಿಗಳಲ್ಲಾಗಲಿ ಕೇಳಿನೋಡಿದರೆ ಬಹುಮಟ್ಟಿಗೆ ಬರುವ ಉತ್ತರ ಒಂದೇ: "ನಮ್ಮಜ್ಜಿ."

ಆ ಅಜ್ಜಿಯ ದುಡಿಮೆಯನ್ನು ಲೆಕ್ಕಹಾಕಿದವರಿಲ್ಲ. ಕೂಸಿನ ಕಿವಿ ಮುಚ್ಚುವ ಕುಲಾವಿ, ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆ, ಮೆತ್ತನೆಯ ಹಳೆಯ ಸೀರೆಯ ಅಂಗಿ, ತೊಟ್ಟಿಲ ಹಾಸು, ಮಗಳು ಗಂಡನ ಮನೆಗೆ ಒಯ್ಯುವ ಕೌದಿ—ಇವೆಲ್ಲವೂ ಒಂದೇ ಕೈಯಿಂದ ಹೊರಟವು. ಮಿಷನ್ ಶಾಲೆಗಳಲ್ಲಿ ಹುಡುಗಿಯರಿಗೆ ಹೊಲಿಗೆ, ಹೆಣಿಗೆಗಳನ್ನು ಕಲಿಸತೊಡಗಿದ ಮೇಲೆ ಎರಡು ಕಡ್ಡಿ, ಒಂದು ಉಣ್ಣೆಯ ಉಂಡೆಯೂ ಪೇಟೆಯ ಮನೆಗಳಿಗೆ ಬಂದುವು. ಟೋಪಿ, ಕಾಲುಚೀಲ, ಸ್ವೆಟರುಗಳು ಆ ಪಟ್ಟಿಗೆ ಸೇರಿದುವು.

ನಮ್ಮ ಸೀಮೆಯ ಬಟ್ಟೆಯ ಚರಿತ್ರೆ ಬರೆದವರಿಲ್ಲವೆಂದಲ್ಲ. ಚಿತ್ರದುರ್ಗ ಸೀಮೆಯಲ್ಲಿ ಬಿದಿರಿನ ಟೊಳ್ಳಿನೊಳಗೆ ಸುತ್ತಿಡಬಹುದಾದಷ್ಟು ನವಿರಾದ ಕಂಬಳಿಗಳನ್ನು ನೇಯುತ್ತಿದ್ದರೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಆ ಉಣ್ಣೆಯನ್ನು ಮನೆಯಲ್ಲಿ ಕುಳಿತು ನೂತವಳ ಹೆಸರು ಅದರಲ್ಲಿಲ್ಲ. 20ನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳೆದ್ದು ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಬಂದಿತು. ಆ ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುವು. ಅವುಗಳ ಹೆಸರು ಊರಿನ ನೆನಪಿನಲ್ಲಿ ಉಳಿದಿದೆ. ಅದೇ ಊರಿನ ಮನೆಗಳಲ್ಲಿ ನಿಲ್ಲದೆ ಓಡಿದ ಸೂಜಿಗೆ ಹೆಸರೇ ಇಲ್ಲ.

ಹೆಸರು ಉಳಿಯುವುದು ಅಸಾಧ್ಯವೇನೂ ಅಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ; ನೂಲುವ ಕದಿರ ರೆಮ್ಮವ್ವೆ ಇದ್ದಾಳೆ. ಕಾಯಕವೇ ಅವರ ಹೆಸರಿನ ಮೊದಲ ಭಾಗವಾಯಿತು. ವಚನಗಳೊಡನೆ ಅದೂ ನಮ್ಮವರೆಗೆ ಬಂದಿತು. ವಚನ ಬರೆಯದೆ ಹೊಲಿಗೆಯನ್ನಷ್ಟೇ ಮಾಡಿದ ಸಾವಿರಾರು ತಾಯಂದಿರಿಗೆ ಆ ಭಾಗ್ಯವಿಲ್ಲ.

ಕೌದಿಯನ್ನೇ ನೋಡಿರಿ. ಹರಿದ ಸೀರೆ, ಸವೆದ ಪಂಚೆ, ಮಕ್ಕಳಿಗೆ ಗಿಡ್ಡವಾದ ಲಂಗ—ಇವುಗಳ ಗಟ್ಟಿ ಭಾಗಗಳನ್ನು ಆಯ್ದು, ಪದರದ ಮೇಲೆ ಪದರ ಹಾಸಿ, ಸಾದಾ ಹೊಲಿಗೆಯನ್ನು ಸಾಲುಸಾಲಾಗಿ ಓಡಿಸಬೇಕು. ಬೇಸಗೆಯ ಮಧ್ಯಾಹ್ನ ಮುಸುರೆ ತಿಕ್ಕಿದ ಮೇಲಿನ ಬಿಡುವೇ ಅದಕ್ಕೆ ಸಿಗುವ ಹೊತ್ತು. ಕೊನೆಯ ಹೊಲಿಗೆಗೆ ಮುಂಚೆ, ಹೊದ್ದವರು ಹಸಿಯಬಾರದೆಂದು, ಒಳಗೆ ಒಂದಿಷ್ಟು ತಿನಿಸನ್ನಿಟ್ಟು "ಕೌದಿಯ ಹೊಟ್ಟೆ ತುಂಬಿಸುವ" ಪದ್ಧತಿ ಕೆಲವು ಮನೆಗಳಲ್ಲಿದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಬಳಗದ್ದು. ಅದರ ಮೂಲೆಗಳಿಗೆ ಬಟ್ಟೆಯ 'ಹೂ' ಕೂಡಿಸದಿದ್ದರೆ ಕವಂದಿ ಬೆತ್ತಲೆಯೆಂದೇ ಅವರ ಭಾವನೆ.

ಈಚೆಗೆ ಕೈಕಸೂತಿಗೆ ಗೌರವ ದೊರೆಯುತ್ತಿರುವುದು ಸಂತೋಷದ ಸಂಗತಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸದ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಮಾರಾಟಕ್ಕೆ ಬರುವ ಕೆಲಸಕ್ಕೆ ಹೀಗೆ ಲೆಕ್ಕ ಸಿಕ್ಕುತ್ತದೆ. ಮನೆಯ ಕೂಸಿಗೆಂದು ಹೊಲಿದದ್ದಕ್ಕೆ ಲೆಕ್ಕವಿಡುವವರು ಮನೆಯವರೇ ಆಗಬೇಕು.

ಅದು ಕಷ್ಟವೂ ಅಲ್ಲ. ಅಂಗಡಿಯ ರಗ್ಗು ಅಗ್ಗವಾಗಿ ಸಿಕ್ಕುವ ಕಾಲವಿದು. ಹಳೆಯ ಕೌದಿ ಅಟ್ಟ ಸೇರಿ ಇಲಿಗಳ ಪಾಲಾಗುತ್ತಿದೆ. ಈ ಭಾನುವಾರ ಅದನ್ನು ಕೆಳಗಿಳಿಸಿ ಬಿಸಿಲಿಗೆ ಹಾಕಿರಿ. ಅಜ್ಜಿ ಇದ್ದರೆ ಹತ್ತಿರ ಕೂರಿಸಿಕೊಂಡು ಕೇಳಿರಿ: ಈ ಹಸಿರು ತುಂಡು ಯಾರ ಸೀರೆಯದು, ಈ ಕೆಂಪು ಯಾವ ಮದುವೆಯದು, ಇದನ್ನು ಯಾರ ಬಾಣಂತನಕ್ಕೆ ಹೊಲಿದದ್ದು? ಉತ್ತರವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಮೇಲೆ ಅಜ್ಜಿಯ ಹೆಸರನ್ನು, ಬಲ್ಲಿರಾದರೆ ವರ್ಷವನ್ನು ಹಾಕಿರಿ. ಗ್ಯಾಸೆಟಿಯರು ಬಿಟ್ಟ ಸಾಲನ್ನು ನಾವು ತುಂಬಿದಂತಾಗುತ್ತದೆ. ಕೇಳಬೇಕಾದವರು ಇರುವಾಗಲೇ ಕೇಳಿದರೆ ಮಾತ್ರ.