ಅಮೆರಿಕದ ಕಿಶೋರ ಸಾಹಿತ್ಯದಲ್ಲಿ ಕಪ್ಪು ಜನರ ಮನೆ

ಒಂದು ಸಮಾಜದ ಇತಿಹಾಸವನ್ನು ರಚಿಸುವವರು ಶಾಸನ, ಕಾಗದಪತ್ರ, ಸರಕಾರದ ವರದಿ ಮುಂತಾದವುಗಳನ್ನು ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ಆ ಸಮಾಜವು ತನ್ನ ಮಕ್ಕಳ ಕೈಗೆ ಎಂಥ ಪುಸ್ತಕಗಳನ್ನು ಕೊಟ್ಟಿತೆಂಬುದೂ ಅಷ್ಟೇ ಬೆಲೆಯುಳ್ಳ ಆಧಾರ. ನಾಳಿನ ಸಮಾಜದಲ್ಲಿ ಯಾರಿಗೆ ಸ್ಥಾನವುಂಟು, ಯಾರಿಗೆ ಇಲ್ಲ ಎಂದು ಹಿರಿಯರು ಬಗೆದಿದ್ದರೆಂಬುದನ್ನು ಈ ಪುಸ್ತಕಗಳು ಅರಿವಿಲ್ಲದೆಯೇ ಹೇಳಿಬಿಡುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಪ್ಪು ಜನರ ವಿಷಯದಲ್ಲಿ ಈ ಆಧಾರವು ಏನನ್ನು ತಿಳಿಸುತ್ತದೆಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಪುಸ್ತಕಗಳಲ್ಲಿ ಕಪ್ಪು ಮುಖಗಳೆಷ್ಟು ಎಂಬ ಎಣಿಕೆಯ ರೂಪದಲ್ಲಿ ಚರ್ಚಿಸಲಾಗುತ್ತದೆ. ಎಣಿಕೆ ಅವಶ್ಯವೇ ಸರಿ. ಆದರೆ ಅದರ ಹಿಂದೆ ಮತ್ತೊಂದು ಪ್ರಶ್ನೆಯಿದೆ: ಆ ಪುಸ್ತಕಗಳಲ್ಲಿ ಕಪ್ಪು ಮಗುವಿಗೆ ಒಂದು ಮನೆಯಿತ್ತೇ? ತಂದೆತಾಯಿ, ಅಜ್ಜಿ, ಒಡಹುಟ್ಟಿದವರು, ಊಟ, ಜಗಳ, ಮಾತುಕತೆ ಇವುಗಳಿಂದ ಕೂಡಿದ ಸಂಸಾರವೊಂದು ಅಲ್ಲಿ ಕಾಣುತ್ತಿತ್ತೇ? ತನ್ನ ಮನೆ ಯಾವ ಪುಸ್ತಕದಲ್ಲಿಯೂ ಕಾಣದಿದ್ದಾಗ, ಮನೆಯೂ ಓದೂ ಮಗುವಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಲೋಕಗಳಾಗುತ್ತವೆ. ಈ ಒಡಕನ್ನು ಮುಚ್ಚಲು ನಡೆದ ಯತ್ನವೇ ನಮ್ಮ ವಿಷಯ.

ಮೊದಲ ಮಹತ್ತ್ವದ ಯತ್ನ 1920ರದು. ಡಬ್ಲ್ಯು. ಇ. ಬಿ. ಡು ಬೋಯ್ಸ್ ಅವರು ಸಂಪಾದಿಸುತ್ತಿದ್ದ 'ದಿ ಕ್ರೈಸಿಸ್' ಪತ್ರಿಕೆ ವರ್ಷಕ್ಕೊಮ್ಮೆ ಮಕ್ಕಳ ಸಂಚಿಕೆಯನ್ನು ಹೊರಡಿಸುತ್ತಿತ್ತು. ಆದರೆ ಗುಂಪುಹತ್ಯೆ, ಜನಾಂಗದ್ವೇಷದ ಗಲಭೆ ಮೊದಲಾದ ಘೋರ ವಾರ್ತೆಗಳನ್ನೂ ಅದೇ ಪತ್ರಿಕೆ ಅಚ್ಚುಮಾಡಬೇಕಾಗಿತ್ತು. ಇವನ್ನು ಓದಿದ ಮಕ್ಕಳ ಮನಸ್ಸಿನಲ್ಲಿ ದ್ವೇಷ ಬೇರೂರುವುದೆಂಬ ಭಯ ಒಂದು ಕಡೆ. ಸತ್ಯವನ್ನು ಮಕ್ಕಳಿಂದ ಮುಚ್ಚಿಡುವುದು ಸಾಧ್ಯವಿಲ್ಲವೆಂಬ ಅರಿವು ಮತ್ತೊಂದು ಕಡೆ. ಕಪ್ಪು ಸಂಸಾರಗಳಲ್ಲಿ ತಂದೆತಾಯಿಗಳು ದಿನವೂ ಎದುರಿಸುತ್ತಿದ್ದ ಇಕ್ಕಟ್ಟೇ ಸಂಪಾದಕರ ಇಕ್ಕಟ್ಟೂ ಆಯಿತು. ಇದರ ಫಲವಾಗಿ ಹುಟ್ಟಿದ ಮಾಸಪತ್ರಿಕೆ 'ದಿ ಬ್ರೌನೀಸ್ ಬುಕ್'. ಜೆಸ್ಸಿ ಫಾಸೆಟ್ ಅವರು ಅದರ ಸಾಹಿತ್ಯ ಸಂಪಾದಕಿಯಾಗಿದ್ದರು. ಅಗಸ್ಟಸ್ ಡಿಲ್ ಅವರು ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದರು. ಬಿಡಿ ಪ್ರತಿಯ ಬೆಲೆ 15 ಸೆಂಟು. ಕಪ್ಪಾಗಿರುವುದು ಸಹಜವಾದುದು, ಸುಂದರವಾದುದು ಎಂಬ ಭಾವನೆಯನ್ನು ಮಕ್ಕಳಲ್ಲಿ ಮೂಡಿಸುವುದು ಅದರ ಘೋಷಿತ ಉದ್ದೇಶಗಳಲ್ಲಿ ಒಂದು.

ಈ ಪತ್ರಿಕೆಯಲ್ಲಿ ಮಕ್ಕಳ ಪತ್ರಗಳಿಗೆ ಒಂದು ವಿಭಾಗ, ಹಿರಿಯರ ಪತ್ರಗಳಿಗೆ ಮತ್ತೊಂದು ವಿಭಾಗ ಇದ್ದುದು ಗಮನಾರ್ಹ. ಮನೆಯವರೆಲ್ಲರೂ ಕೂಡಿ ಓದುವ ಪತ್ರಿಕೆಯಾಗಿ ಅದನ್ನು ಕಲ್ಪಿಸಲಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಕವಿತೆಗಳು 1921ರ ಜನವರಿಯಲ್ಲಿ ಇದರಲ್ಲಿಯೇ ಬೆಳಕು ಕಂಡವು. ಆದರೆ ಚಂದಾದಾರರು ಸಾಲದೆ, 24 ಸಂಚಿಕೆಗಳ ತರುವಾಯ, 1921ರ ಡಿಸೆಂಬರಿನಲ್ಲಿ ಪತ್ರಿಕೆ ನಿಂತುಹೋಯಿತು.

ಅಲ್ಲಿಂದ ಮುಂದೆ ಈ ಕೆಲಸವನ್ನು ಹೊತ್ತವರಲ್ಲಿ ಗ್ರಂಥಪಾಲಕಿಯರು ಮುಖ್ಯರು. ಷಿಕಾಗೊ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಶಾರ್ಲ್‌ಮೇ ರೋಲಿನ್ಸ್, ನ್ಯೂಯಾರ್ಕಿನ ಹಾರ್ಲೆಮ್ ಶಾಖೆಯಲ್ಲಿ ಆಗಸ್ಟಾ ಬೇಕರ್ ಅವರು ಮಕ್ಕಳಿಗೆ ಯೋಗ್ಯವಾದ ಪುಸ್ತಕಗಳನ್ನು ಹುಡುಕಿ ಪಟ್ಟಿಮಾಡತೊಡಗಿದರು. ರೋಲಿನ್ಸ್ ಅವರ ಪಟ್ಟಿ 1941ರಲ್ಲಿಯೂ ಬೇಕರ್ ಅವರದು 1946ರಲ್ಲಿಯೂ ಅಚ್ಚಾದುವು. ಹಾಸ್ಯಾಸ್ಪದ ಚಿತ್ರಗಳು, ಅಪಹಾಸ್ಯಕ್ಕಾಗಿ ವಿಕಾರಗೊಳಿಸಿದ ಆಡುಮಾತು, ಹೀನಾಯದ ಹೆಸರುಗಳು ಇರುವ ಪುಸ್ತಕಗಳನ್ನು ಇಂಥ ಪಟ್ಟಿಗಳು ದೂರವಿಟ್ಟವು. ಗ್ರಂಥಪಾಲಕರ ಆಯ್ಕೆ ಪ್ರಕಾಶಕರ ಮೇಲೆ ಒತ್ತಡವಾಗಿ ಪರಿಣಮಿಸಬಲ್ಲದೆಂಬುದು ಇದರಿಂದ ಮೊದಲಬಾರಿಗೆ ಸ್ಪಷ್ಟವಾಯಿತು.

ವಿರೋಧವೂ ಪ್ರಬಲವಾಗಿತ್ತು. ಅದರ ಸ್ವರೂಪವನ್ನು ತಿಳಿಯಲು ಒಂದು ಉದಾಹರಣೆ ಸಾಕು. ಕಪ್ಪು ಮೊಲ, ಬಿಳಿಯ ಮೊಲ ಇವುಗಳ ಮದುವೆಯ ಕಥೆಯುಳ್ಳ ಗಾರ್ತ್ ವಿಲಿಯಮ್ಸ್ ಅವರ 'ದಿ ರ‍್ಯಾಬಿಟ್ಸ್ ವೆಡ್ಡಿಂಗ್' 1958ರಲ್ಲಿ ಪ್ರಕಟವಾಯಿತು. ಮರುವರ್ಷ ಅಲಬಾಮಾ ಸಂಸ್ಥಾನದಲ್ಲಿ ವರ್ಣಭೇದವಾದಿಗಳು ಇದರ ಮೇಲೆ ಕೂಗೆಬ್ಬಿಸಿದರು. ಗ್ರಂಥಾಲಯ ಸೇವೆಯ ನಿರ್ದೇಶಕಿ ಎಮಿಲಿ ರೀಡ್ ಅವರು ಪುಸ್ತಕವನ್ನು ತೆರೆದ ಕಪಾಟಿನಿಂದ ತೆಗೆದು ಕಾದಿರಿಸಿದ ಕಪಾಟಿಗೆ ಸೇರಿಸಿದರು. ಪೂರ್ತಿಯಾಗಿ ತೆಗೆದುಹಾಕಲು ಒಪ್ಪಲಿಲ್ಲ. ಕೇಳಿದ ಗ್ರಂಥಾಲಯಗಳಿಗೆ ಅದು ದೊರೆಯುತ್ತಲೇ ಇತ್ತು. ಆಕ್ಷೇಪಣೆ ಎದ್ದದ್ದು ಎರಡು ಬಣ್ಣಗಳ ಕೂಡುಸಂಸಾರದ ಮೇಲೆ ಎಂಬುದು ಇಲ್ಲಿಯ ಮುಖ್ಯಾಂಶ. ವರ್ಣಭೇದದ ಕಾವಲು ಕೊನೆಗೆ ನಿಂತಿದ್ದುದು ಮನೆಯ ಹೊಸ್ತಿಲಲ್ಲಿ.

ಸ್ಥಿತಿಯ ನಿಜವಾದ ಅಳತೆ ದೊರೆತದ್ದು 1965ರಲ್ಲಿ. ಆ ವರ್ಷದ ಸೆಪ್ಟೆಂಬರಿನ 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯಲ್ಲಿ ನ್ಯಾನ್ಸಿ ಲ್ಯಾರಿಕ್ ಅವರು ತಮ್ಮ ಸಮೀಕ್ಷೆಯನ್ನು ಪ್ರಕಟಿಸಿದರು. ಪುಸ್ತಕದಲ್ಲಿರುವವರು ಯಾವಾಗಲೂ ಬಿಳಿಯ ಮಕ್ಕಳೇ ಏಕೆಂದು ಐದು ವರ್ಷದ ಕಪ್ಪು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಅವರ ಲೇಖನ ಆರಂಭವಾಗುತ್ತದೆ. 1962ರಿಂದ 1964ರವರೆಗೆ 63 ಪ್ರಕಾಶಕರು ಹೊರತಂದ 5,206 ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ವ್ಯಕ್ತಿ ಕಾಣುವಂಥವು 349, ಎಂದರೆ ನೂರಕ್ಕೆ 6.7 ಮಾತ್ರ. ಇವುಗಳಲ್ಲಿಯೂ ನೂರಕ್ಕೆ ಸುಮಾರು ಅರವತ್ತು ಅಮೆರಿಕದ ಹೊರಗಿನ ಅಥವಾ ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಕಥೆಗಳು. ಅಂದಿನ ಅಮೆರಿಕದ ಕಪ್ಪು ಜನರ ಜೀವನವನ್ನು ಕುರಿತ ಕಥೆಗಳು ಒಟ್ಟು ಪುಸ್ತಕಗಳಲ್ಲಿ ನೂರಕ್ಕೆ ಒಂದರಷ್ಟೂ ಇರಲಿಲ್ಲ. ಕಪ್ಪು ವ್ಯಕ್ತಿ ದೂರದೇಶದಲ್ಲಿಯೋ ಗತಕಾಲದಲ್ಲಿಯೋ ಕಾಣಬಹುದಾಗಿತ್ತು. ಪಕ್ಕದ ಮನೆಯಲ್ಲಿ ಅಲ್ಲ.

ಅದೇ ವರ್ಷ ಎರಡು ಘಟನೆಗಳು ಕೂಡಿಬಂದುವು. ಪ್ರಾಥಮಿಕ ಹಾಗೂ ಮಾಧ್ಯಮಿಕ ಶಿಕ್ಷಣದ ಶಾಸನವು ಶಾಲೆಗಳ ಗ್ರಂಥಾಲಯ ಸಾಮಗ್ರಿಗೆ 10 ಕೋಟಿ ಡಾಲರುಗಳನ್ನು ಒದಗಿಸಿತು. ಮಕ್ಕಳ ಪುಸ್ತಕಗಳಲ್ಲಿ ಜನಾಂಗಗಳ ಚಿತ್ರಣವನ್ನು ತಿದ್ದುವುದಕ್ಕಾಗಿ ಒಂದು ಮಂಡಲಿಯೂ ಸ್ಥಾಪಿತವಾಗಿ, ಹೊಸ ಲೇಖಕರಿಗೆ ಸ್ಪರ್ಧೆಗಳನ್ನು ಏರ್ಪಡಿಸಿತು. ಇವುಗಳಿಂದ ಮುಂದೆ ಬಂದವರಲ್ಲಿ ವಾಲ್ಟರ್ ಡೀನ್ ಮೈಯರ್ಸ್, ಮಿಲ್ಡ್ರೆಡ್ ಟೇಲರ್ ಇಬ್ಬರೂ ಸೇರಿದ್ದಾರೆ.

ಟೇಲರ್ ಅವರ ಬರಹದ ಮೂಲ ಪುಸ್ತಕವಲ್ಲ. ತಂದೆಯ ಬಾಯಿಂದ ಕೇಳಿದ ಮನೆತನದ ಕಥೆಗಳು. 1976ರಲ್ಲಿ ಪ್ರಕಟವಾಗಿ ಮರುವರ್ಷ ನ್ಯೂಬೆರಿ ಪದಕವನ್ನು ಪಡೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಕಾದಂಬರಿಯಲ್ಲಿ ನಮ್ಮ ವಿಷಯವೆಲ್ಲ ಒಂದು ಪ್ರಸಂಗದಲ್ಲಿ ಅಡಕವಾಗಿದೆ. 1933ರ ಮಿಸಿಸಿಪಿಯ ಹಳ್ಳಿಶಾಲೆಯಲ್ಲಿ ಆರು ವರ್ಷದ ಬಾಲಕನಿಗೆ ಪಠ್ಯಪುಸ್ತಕವೊಂದು ದೊರೆಯುತ್ತದೆ. ಬಿಳಿಯ ಮಕ್ಕಳ ಕೈಯಲ್ಲಿ ವರ್ಷಗಟ್ಟಲೆ ಸವೆದು, ತೀರ ಕೆಟ್ಟ ಸ್ಥಿತಿಗೆ ಬಂದಮೇಲೆ ಅದನ್ನು ಕಪ್ಪು ಮಕ್ಕಳಿಗೆ ಕೊಡಲಾಗಿದೆಯೆಂದು ಒಳರಟ್ಟಿನ ಪಟ್ಟಿಯೇ ತಿಳಿಸುತ್ತದೆ. ಓದಲು ಬಲ್ಲವನಾದ್ದರಿಂದಲೇ ಬಾಲಕನಿಗೆ ಅವಮಾನ ತಿಳಿಯುತ್ತದೆ. ಅವನು ಪುಸ್ತಕವನ್ನು ನಿರಾಕರಿಸುತ್ತಾನೆ. ಅದೇ ಶಾಲೆಯ ಉಪಾಧ್ಯಾಯಿನಿಯಾದ ತಾಯಿ ಆ ಪಟ್ಟಿಯ ಮೇಲೆ ಕಾಗದ ಅಂಟಿಸುತ್ತಾಳೆ. ಮುಂದೆ, ಪಠ್ಯದಲ್ಲಿ ಇಲ್ಲದ ಗುಲಾಮಗಿರಿಯ ಚರಿತ್ರೆಯನ್ನು ಬೋಧಿಸಿದ ಆಕೆ ಕೆಲಸವನ್ನೇ ಕಳೆದುಕೊಳ್ಳುತ್ತಾಳೆ. ಓದು, ಮನೆ, ಜನಾಂಗ ಇವು ಮೂರೂ ಇಲ್ಲಿ ಬೇರೆ ಬೇರೆ ವಿಷಯಗಳಾಗಿ ಉಳಿಯುವುದಿಲ್ಲ.

ಮೈಯರ್ಸ್ ಅವರ ಜೀವನವೂ ಇದನ್ನೇ ಮತ್ತೊಂದು ರೀತಿಯಲ್ಲಿ ತೋರಿಸುತ್ತದೆ. ಹಾರ್ಲೆಮ್‌ನಲ್ಲಿ ಸಾಕುತಾಯಿ ಅಗ್ಗದ ಪ್ರಣಯಕಥೆಗಳ ಪತ್ರಿಕೆಗಳನ್ನು ಓದಿಹೇಳುತ್ತಿದ್ದಳು. ಸಾಕುತಂದೆಗೆ ಓದಲು ಬರುತ್ತಿರಲಿಲ್ಲ. ಓದಿನ ಹಂಬಲ ಮನೆಯಲ್ಲಿಯೇ ಹುಟ್ಟಿತಾದರೂ ಆ ಮನೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಜೇಮ್ಸ್ ಬಾಲ್ಡ್ವಿನ್ ಅವರ ಕಥೆಯೊಂದನ್ನು ಓದಿದ ಮೇಲೆಯೇ ತನ್ನವರ ವಿಷಯವಾಗಿ ಬರೆಯಲು ತನಗೆ ಅನುಮತಿ ದೊರೆತಂತಾಯಿತೆಂದು ಅವರು ನೆನೆದಿದ್ದಾರೆ. ಅವರ 'ಮಾನ್‌ಸ್ಟರ್' 2000ದಲ್ಲಿ ಪ್ರಥಮ ಪ್ರಿಂಟ್ಜ್ ಪ್ರಶಸ್ತಿಯನ್ನು ಪಡೆಯಿತು.

ಇಷ್ಟರಿಂದ ಉನ್ನತಿ ಸ್ಥಿರವಾಯಿತೆಂದು ಭಾವಿಸುವಂತಿಲ್ಲ. ಗ್ರಂಥಾಲಯಗಳಿಗೆ ಸರಕಾರದ ಹಣ ಕುಗ್ಗಿದಂತೆ ಪ್ರಕಾಶಕರ ಉತ್ಸಾಹವೂ ಕುಗ್ಗಿತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮಕ್ಕಳ ಪುಸ್ತಕ ಕೇಂದ್ರವು 1985ರಲ್ಲಿ ಎಣಿಸಿದಾಗ, ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರ ಅಥವಾ ಚಿತ್ರಕಾರರವು 18 ಮಾತ್ರ. 2013ರಲ್ಲಿ ಸುಮಾರು 3,200 ಪುಸ್ತಕಗಳಲ್ಲಿ ಕಪ್ಪು ಜನರನ್ನು ಕುರಿತವು 93. ಮೈಯರ್ಸ್ ಅವರು ನಿಧನರಾಗುವುದಕ್ಕೆ ಕೆಲವೇ ತಿಂಗಳ ಮುಂಚೆ, 2014ರ ಮಾರ್ಚಿನಲ್ಲಿ, ಈ ಅಂಕಿಗಳನ್ನೇ ಮುಂದಿಟ್ಟುಕೊಂಡು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಬರೆದರು. ಆ ವರ್ಷ ಮತ್ತೆ ಚಳವಳಿ ಎದ್ದಿತು. ಪುಸ್ತಕಗಳ ಸಂಖ್ಯೆಯೂ ಏರಿತು. 2017ರಲ್ಲಿ ಪ್ರಕಟವಾದ ಏಂಜಿ ಥಾಮಸ್ ಅವರ 'ದಿ ಹೇಟ್ ಯು ಗಿವ್' ಕಾದಂಬರಿಯಲ್ಲಿ ಪೊಲೀಸರ ಗುಂಡಿಗೆ ಗೆಳೆಯನು ಬಲಿಯಾದುದನ್ನು ಕಂಡ ಹುಡುಗಿಗೆ ಆಸರೆಯಾಗುವುದು ಅವಳ ಮನೆಯವರೇ. ಶಾಲಾ ಗ್ರಂಥಾಲಯಗಳಿಂದ ತೆಗೆಯಬೇಕೆಂಬ ಒತ್ತಾಯಕ್ಕೆ ಪದೇ ಪದೇ ಗುರಿಯಾದ ಪುಸ್ತಕಗಳಲ್ಲಿ ಅದೂ ಒಂದು.

ಒಟ್ಟಿನಲ್ಲಿ ಈ ಇತಿಹಾಸವು ನೇರವಾದ ಪ್ರಗತಿಯ ಕಥೆಯಲ್ಲ, ಏರಿಳಿತಗಳ ಕಥೆ. ಸಂಸಾರಗಳ ಹಂಬಲ ಎಂದೂ ಬತ್ತಿರಲಿಲ್ಲ. ಬರೆಯಬಲ್ಲವರ ಕೊರತೆಯೂ ಇರಲಿಲ್ಲ. ಇವೆರಡರ ನಡುವೆ ಗ್ರಂಥಾಲಯ, ಶಾಲೆ, ಸಾರ್ವಜನಿಕ ಧನ ಇವು ಸೇತುವೆಯಾಗಿ ನಿಂತಾಗ ಪುಸ್ತಕಗಳು ಬಂದವು; ಅವು ಹಿಂಜರಿದಾಗ ನಿಂತವು. 'ದಿ ಬ್ರೌನೀಸ್ ಬುಕ್' ಎರಡೇ ವರ್ಷ ಬಾಳಿದ್ದು ಮಕ್ಕಳು ಅದನ್ನು ಬಯಸದೆ ಇದ್ದುದರಿಂದಲ್ಲ, ಅದರ ಹಿಂದೆ ಅಂಥ ಸೇತುವೆ ಇಲ್ಲದ್ದರಿಂದ. ಗ್ರಂಥಾಲಯದ ಆಯವ್ಯಯ ಪತ್ರವೂ ಪ್ರಕಾಶಕರ ಪಟ್ಟಿಯೂ ಚರಿತ್ರಕಾರನಿಗೆ ಅಮೂಲ್ಯವೆನಿಸುವುದು ಇದೇ ಕಾರಣದಿಂದ. ಯಾರ ಮನೆ ಪುಸ್ತಕದಲ್ಲಿ ಸೇರಿತು, ಯಾರದು ಹೊರಗುಳಿಯಿತು ಎಂಬುದರ ಲೆಕ್ಕ ಅಲ್ಲಿದೆ.