ಚೆನ್ನಮ್ಮರ ದತ್ತುಮಕ್ಕಳು

ಚೆನ್ನಮ್ಮ ಎಂದೊಡನೆ ಕರ್ನಾಟಕದಲ್ಲಿ ಯಾರಿಗಾದರೂ ಕಣ್ಣಮುಂದೆ ಬರುವುದು ಕುದುರೆ ಮತ್ತು ಹಿರಿದ ಕತ್ತಿ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿರುವುದು ಅದೇ ರೂಪ, ದೆಹಲಿಯ ಸಂಸತ್ ಭವನದ ಆವರಣದಲ್ಲಿರುವುದೂ ಅದೇ. ಹೆಸರು ಮಾತ್ರ ಅರಮನೆಯ ಸೊತ್ತಲ್ಲ. ಶೆಟ್ಟರ ಮನೆಯಲ್ಲಿ, ಗೌಡರ ಮನೆಯಲ್ಲಿ, ಹೊಲದಲ್ಲಿ ಕಳೆ ಕೀಳುವವರ ಮನೆಯಲ್ಲಿ ತಲೆಮಾರುಗಳಿಂದ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದ ಹೆಸರದು. ಮಾಜಿ ಪ್ರಧಾನಿ ದೇವೇಗೌಡರ ಪತ್ನಿಯ ಹೆಸರೂ ಚೆನ್ನಮ್ಮ. ಇಂಥ ಸಾಮಾನ್ಯ ಹೆಸರಿನ ಇಬ್ಬರು ಹೆಣ್ಣುಮಕ್ಕಳು, ಸುಮಾರು ಒಂದೂವರೆ ಶತಮಾನದ ಅಂತರದಲ್ಲಿ, ಕನ್ನಡ ನಾಡಿನ ಎರಡು ಸಂಸ್ಥಾನಗಳ ಚರಿತ್ರೆಯನ್ನು ತಿರುಗಿಸಿದರು: ಒಬ್ಬಳು ಕೆಳದಿಯವಳು, ಇನ್ನೊಬ್ಬಳು ಕಿತ್ತೂರಿನವಳು. ಇಬ್ಬರನ್ನೂ ನಾವು ವೀರರಾಣಿಯರೆಂದು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇವೆ. ಅದು ಸುಳ್ಳಲ್ಲ. ಆದರೆ ದಾಖಲೆಗಳನ್ನು ಕತ್ತಿಯ ಹೊಳಪು ಬಿಟ್ಟು ಓದಿದರೆ ಇಬ್ಬರನ್ನೂ ನಿಜವಾಗಿ ಜೋಡಿಸುವ ಎಳೆ ಬೇರೆ. ಗಂಡುಸಂತಾನವಿಲ್ಲದ ಮನೆಯಲ್ಲಿ ದತ್ತುಮಗನನ್ನು ಪಟ್ಟಕ್ಕೆ ಕೂರಿಸುವ ಹಕ್ಕು ಯಾರದು ಎಂಬ ಜಗಳವೇ ಆ ಎಳೆ. ಯುದ್ಧಗಳು ಅದರ ಬೆನ್ನಿಗೆ ಬಂದವು.

ಕೆಳದಿಯ ಚೆನ್ನಮ್ಮ ಹುಟ್ಟಿದ್ದು ರಾಜಮನೆತನದಲ್ಲಲ್ಲ. ಸಿದ್ದಪ್ಪ ಶೆಟ್ಟಿ ಎಂಬ ವರ್ತಕನ ಮಗಳು. ಒಂದನೆಯ ಸೋಮಶೇಖರ ನಾಯಕ ಅವಳನ್ನು ಮದುವೆಯಾದ. ಕಲಾವತಿ ಎಂಬ ನರ್ತಕಿಯ ಮೋಹ, ಅರಸನ ಬುದ್ಧಿಭ್ರಮೆ, ಕೊನೆಗೆ ಅವನ ಕೊಲೆ: ನಾಟಕದವರಿಗೂ ಕಾದಂಬರಿಕಾರರಿಗೂ ಇಷ್ಟವಾದ ಈ ಭಾಗವನ್ನು ಇಲ್ಲಿ ಹಿಗ್ಗಿಸಬೇಕಾಗಿಲ್ಲ. ನಮಗೆ ಬೇಕಾದದ್ದು 1671ರ ಸುಮಾರಿನ ಆ ಕೊಲೆಯ ಮಾರನೆಯ ದಿನದ ಪ್ರಶ್ನೆ. ಅರಸನಿಗೆ ಮಕ್ಕಳಿಲ್ಲ. ಆಸ್ಥಾನದಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಬ್ಬೊಬ್ಬ ಹುಡುಗ; ಇವನನ್ನು ದತ್ತು ತೆಗೆದುಕೋ, ಅವನನ್ನು ತೆಗೆದುಕೋ ಎಂಬ ಒತ್ತಾಯ. ಬಿಜಾಪುರದ ಆದಿಲಶಾಹಿಯೂ ಈ ಸಂದು ನೋಡಿ ಕೈಹಾಕಿತು. ರಾಜಧಾನಿ ಬಿದನೂರು ಬಿಟ್ಟು ಭುವನಗಿರಿ ದುರ್ಗಕ್ಕೆ ಸರಿಯಬೇಕಾಗಿ ಬಂದಾಗಲೂ ಚೆನ್ನಮ್ಮ ಪರರು ತಂದೊಡ್ಡಿದ ಹುಡುಗನನ್ನು ಒಪ್ಪಲಿಲ್ಲ. ಆಡಳಿತ ತನ್ನ ಹಿಡಿತಕ್ಕೆ ಬಂದ ಮೇಲೆ ತಾನೇ ಆರಿಸಿದ ಬಸಪ್ಪ ನಾಯಕನನ್ನು ದತ್ತು ಪಡೆದಳು. ಅವನೂ ಮಾರ್ಕಪ್ಪ ಶೆಟ್ಟಿ ಎಂಬ ವರ್ತಕನ ಮಗನೇ. ತಾನು ಬಂದ ಕುಲದ ಕಡೆಗೇ ಅವಳ ಕಣ್ಣು ಹೋಯಿತೆನ್ನಬಹುದು. ಅದರಲ್ಲಿ ವಾತ್ಸಲ್ಯಕ್ಕಿಂತ ರಾಜಕಾರಣವೇ ಹೆಚ್ಚೆಂದು ನನಗೆ ತೋರುತ್ತದೆ. ಹಳೆಯ ನಾಯಕರ ಬಣಗಳಿಗೆ ಯಾವ ಹಂಗೂ ಇಲ್ಲದ ಹುಡುಗ, ಅವಳೊಬ್ಬಳಿಗೆ ಮಾತ್ರ ಋಣಿಯಾದವನು.

ಆಮೇಲಿನ ಸುಮಾರು 25 ವರ್ಷ ಅವಳು ಆಳಿದಳು. ಕರಾವಳಿಯ ಅಕ್ಕಿ ಮತ್ತು ಮೆಣಸಿನ ವ್ಯಾಪಾರಕ್ಕಾಗಿ 1678ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದವಾಯಿತು. 1689ರಲ್ಲಿ ಸಂಭಾಜಿಯ ಕೊಲೆಯ ಬಳಿಕ ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ಪನ್ಹಾಳದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆ ಹೊರಟಾಗ ಕೆಳದಿ ಅವನಿಗೆ ಆಶ್ರಯ ಕೊಟ್ಟು ದಾಟಿಸಿತು. ಅದಕ್ಕಾಗಿ ಔರಂಗಜೇಬನ ಸೈನ್ಯ ಮಲೆನಾಡಿಗೆ ನುಗ್ಗಿದರೂ ಯುದ್ಧ ಸಂಧಾನದಲ್ಲಿ ಮುಗಿಯಿತು. ನಮ್ಮ ನೆನಪಿನಲ್ಲಿ ಉಳಿದಿರುವುದು ರಾಜಾರಾಮನ ಈ ಒಂದು ಪ್ರಸಂಗ ಮಾತ್ರ. ಅವಳ ಆಳ್ವಿಕೆಯ ಗೆಲುವನ್ನು ಅಳೆಯಲು ನಾನು ಬೇರೊಂದನ್ನು ಹಿಡಿಯುತ್ತೇನೆ: ಅವಳ ನಂತರ ಪಟ್ಟ ತಕರಾರಿಲ್ಲದೆ ಬಸಪ್ಪ ನಾಯಕನಿಗೆ ಹೋಯಿತು. ಆ ಬಸಪ್ಪ ನಾಯಕನ ಹೆಸರಿನಲ್ಲಿ 1709ರ ಹೊತ್ತಿಗೆ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ಹೊರಬಂತು. ಒಂಬತ್ತು ಕಲ್ಲೋಲ, 108 ತರಂಗ. ರಾಜನೀತಿಯಿಂದ ಅಡುಗೆಯವರೆಗೆ, ಸಂಗೀತದಿಂದ ಕುದುರೆಯ ಲಕ್ಷಣದವರೆಗೆ ಎಲ್ಲವೂ ಅದರಲ್ಲಿದೆ, ಜೊತೆಗೆ ಕೆಳದಿ ಅರಸರ ವಂಶಕಥನವೂ ಇದೆ. ದತ್ತಾಗಿ ಬಂದವನೊಬ್ಬ ತನ್ನನ್ನು ಆ ವಂಶದ ಕೊನೆಯ ಕೊಂಡಿಯಾಗಿ ಗ್ರಂಥಸ್ಥ ಮಾಡಿಟ್ಟ. ತಾಯಿ ಶುರುಮಾಡಿದ ಕೆಲಸವನ್ನು ಮಗ ಓಲೆಯ ಮೇಲೆ ಪೂರ್ತಿ ಮಾಡಿದ ಎಂದೇ ನಾನು ಅದನ್ನು ಓದುತ್ತೇನೆ.

ಅದೇ ಕೆಳದಿಯಲ್ಲಿ ಎರಡು ತಲೆಮಾರು ಕಳೆದ ಮೇಲೆ ದತ್ತು ಕೈಕೊಟ್ಟಿತು. ರಾಣಿ ವೀರಮ್ಮಾಜಿ ಚೆನ್ನಬಸಪ್ಪನನ್ನು ದತ್ತು ಪಡೆದಳು, ಅವನು ತೀರಿಕೊಂಡ ಮೇಲೆ ಇನ್ನೊಬ್ಬ ಸೋಮಶೇಖರನನ್ನು. ಸತ್ತನೆಂದು ಹೇಳಲಾದ ಚೆನ್ನಬಸಪ್ಪ ನಾನೇ ಎಂದು ಒಬ್ಬ ಹೈದರಾಲಿಯ ಬಳಿ ಬಂದ. ಹೈದರನಿಗೆ ಬೇಕಾದ ನೆಪ ಸಿಕ್ಕಿತು. 1763ರಲ್ಲಿ ಬಿದನೂರು ಬಿತ್ತು. ರಾಜ್ಯ ಕಟ್ಟುವುದಕ್ಕೂ ಕೆಡವುವುದಕ್ಕೂ ದತ್ತುಮಗನೊಬ್ಬನೇ ಸಾಕಾಗಿದ್ದ ಕಾಲವದು.

ಕಿತ್ತೂರಿನ ಚೆನ್ನಮ್ಮ ಬೆಳಗಾವಿ ಹತ್ತಿರದ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದವಳು, ದೇಸಗತಿ ಮನೆಯ ಮಗಳು, ಮಲ್ಲಸರ್ಜ ದೇಸಾಯಿಯ ಕಿರಿಯ ಹೆಂಡತಿ. ಹಿರಿಯವಳು ರುದ್ರಮ್ಮ. ಮಲ್ಲಸರ್ಜ 1816ರಲ್ಲಿ ತೀರಿಕೊಂಡಾಗ ಪಟ್ಟ ಹೋದದ್ದು ರುದ್ರಮ್ಮನ ಮಗ ಶಿವಲಿಂಗ ರುದ್ರಸರ್ಜನಿಗೆ. ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಡೆ ನಿಂತಿದ್ದ ಈ ರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತ. ಸಾಯುವ ಮುನ್ನ ಮಾಸ್ತಮರಡಿಯ ಗೌಡರ ಮನೆಯ ಶಿವಲಿಂಗಪ್ಪನನ್ನು ದತ್ತು ಪಡೆದಿದ್ದೇನೆಂದು ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಗೆ ಹೋಯಿತು. ಆ ಪತ್ರವೂ ದೇಸಾಯಿಯ ಸಾವಿನ ಸುದ್ದಿಯೂ ಹೆಚ್ಚುಕಡಿಮೆ ಒಟ್ಟಿಗೇ ಧಾರವಾಡ ಮುಟ್ಟಿದವು. ಥ್ಯಾಕರೆ ಸಹಿಯನ್ನು ದಿಟ್ಟಿಸಿದ. ಇದು ದೇಸಾಯಿ ಬದುಕಿದ್ದಾಗ ಹಾಕಿದ ಸಹಿಯಲ್ಲ, ಪತ್ರವೇ ಆಮೇಲೆ ಬರೆದದ್ದು ಎಂದು ತೀರ್ಮಾನಿಸಿದ. ಮುಂಬಯಿಯಿಂದ ಕೊನೆಯ ಹುಕುಂ ಬರುವ ಮೊದಲೇ ಕಿತ್ತೂರಿನ ಬೊಕ್ಕಸಕ್ಕೆ ಮೊಹರು ಬಿತ್ತು, ಕಾವಲು ಕೂತಿತು. ಅಕ್ಟೋಬರ್ 23ರಂದು ಥ್ಯಾಕರೆ ಫಿರಂಗಿಗಳೊಂದಿಗೆ ಕೋಟೆಯ ಬಾಗಿಲಿಗೆ ಬಂದು ನಿಂತಾಗ ಬಾಗಿಲು ತೆರೆಯಿತು. ಹೊರಗೆ ನುಗ್ಗಿ ಬಂದವರು ಕಿತ್ತೂರಿನ ಸೈನಿಕರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅವನ ಸಹಾಯಕರಾದ ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಸೆರೆಯಾದರು. ಈ ಎಲಿಯಟ್ಟೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪಾಠಗಳನ್ನು ಸಂಗ್ರಹಿಸಿದ ವಿದ್ವಾಂಸ ಎಂಬುದನ್ನು ಕಿತ್ತೂರಿನ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಕಿತ್ತೂರು ಅವನನ್ನು ಜೀವಂತವಾಗಿ ಬಿಟ್ಟುಕೊಟ್ಟಿತು. ಕಂಪನಿ ದೊಡ್ಡ ಸೈನ್ಯದೊಂದಿಗೆ ಮರಳಿ ಬಂದು ಡಿಸೆಂಬರ್ 5ರಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ದತ್ತು ಪಡೆದವಳು ಚೆನ್ನಮ್ಮ ಅಲ್ಲವಲ್ಲ? ಪಡೆದವನು ರುದ್ರಸರ್ಜ, ಅವನ ವಿಧವೆ ವೀರವ್ವ, ಚೆನ್ನಮ್ಮ ಅವನ ಮಲತಾಯಿ. ಹೀಗಿರುವಾಗ ಕೆಳದಿಯ ಜೊತೆ ಹೋಲಿಸುವುದು ಬರೀ ಹೆಸರಿನ ಸಾಮ್ಯದಿಂದ ಹುಟ್ಟಿದ ಭ್ರಮೆ ಎನ್ನಬಹುದು. ಸಂಬಂಧಗಳ ಲೆಕ್ಕ ಸರಿಯೇ, ಆದರೆ ಅದು ನನ್ನ ವಾದವನ್ನು ಬಲಪಡಿಸುತ್ತದೆ. ಕಾನೂನಿನ ಕಣ್ಣಲ್ಲಿ ಚೆನ್ನಮ್ಮನಿಗೆ ಯಾವ ಸ್ಥಾನವೂ ಇರಲಿಲ್ಲ: ಅರಸಿಯಲ್ಲ, ರಾಜಮಾತೆಯಲ್ಲ, ದತ್ತುತಾಯಿಯೂ ಅಲ್ಲ. ಅವಳ ಅಧಿಕಾರ ನಿಂತದ್ದು ಪೂರ್ತಿಯಾಗಿ ಆ ಹುಡುಗನ ಮೇಲೆ. ಶಿವಲಿಂಗಪ್ಪ ವಾರಸುದಾರನಾದರೆ ಅವಳು ಮನೆಯ ಹಿರಿಯಳು, ರಾಜ್ಯದ ಪಾಲಕಿ. ಆಗದಿದ್ದರೆ ಕಂಪನಿಯ ಪಿಂಚಣಿಗೆ ಕಾಯುವ ಒಬ್ಬ ವಿಧವೆ. ಅವಳು ಕೈಯೊಡ್ಡಿ ನಿಲ್ಲಲಿಲ್ಲ ಎಂಬುದೇ ಅವಳ ದೊಡ್ಡತನ, ಆದರೆ ಅವಳು ಯಾವುದಕ್ಕಾಗಿ ನಿಂತಳು ಎಂಬುದನ್ನು ಮರೆತರೆ ಆ ದೊಡ್ಡತನ ಗಾಳಿಗೋಪುರವಾಗುತ್ತದೆ.

ಇನ್ನೊಂದು ಆಕ್ಷೇಪ ಇಂಗ್ಲಿಷರ ಪಕ್ಷದಿಂದ ಬರುವಂಥದ್ದು, ಅದನ್ನೂ ತಳ್ಳಿಹಾಕುವಂತಿಲ್ಲ. ಮಾಂಡಲಿಕನ ದತ್ತಕ್ಕೆ ಸಾರ್ವಭೌಮನ ಒಪ್ಪಿಗೆ ಬೇಕೆಂಬುದು ಕಂಪನಿ ಹೊಸದಾಗಿ ಹುಟ್ಟಿಸಿದ ಮಾತಲ್ಲ. ಪೇಶ್ವೆಗಳೂ ಉತ್ತರಾಧಿಕಾರ ಮಾನ್ಯ ಮಾಡುವಾಗ ನಜರಾಣೆ ಎಣಿಸಿಕೊಳ್ಳುತ್ತಿದ್ದರು. ಹಾಗಾದರೆ ಥ್ಯಾಕರೆ ಮಾಡಿದ ತಪ್ಪೇನು? ವ್ಯತ್ಯಾಸ ಇರುವುದು ಒಪ್ಪಿಗೆ ಕೇಳುವುದರಲ್ಲಿ ಅಲ್ಲ, ಒಪ್ಪದಿದ್ದರೆ ಏನಾಗುತ್ತದೆ ಎಂಬುದರಲ್ಲಿ. ಹಳೆಯ ವ್ಯವಸ್ಥೆಯಲ್ಲಿ ಚೌಕಾಸಿ ನಡೆಯುತ್ತಿದ್ದದ್ದು ಮೊತ್ತದ ಮೇಲೆ. ಈ ಹುಡುಗ ಬೇಡವೆಂದರೆ ಇನ್ನೊಬ್ಬ ಹುಡುಗ, ಮನೆತನವಂತೂ ಉಳಿಯುತ್ತಿತ್ತು. ಕಂಪನಿಯ ಲೆಕ್ಕದಲ್ಲಿ ದತ್ತು ಬಿದ್ದುಹೋದರೆ ಸಂಸ್ಥಾನವೇ ಜಿಲ್ಲೆಯಾಗುತ್ತಿತ್ತು. ಡಾಲ್‌ಹೌಸಿ 1848ರಲ್ಲಿ ಸಾತಾರಾವನ್ನೂ ಕೆಲವೇ ವರ್ಷಗಳಲ್ಲಿ ಝಾನ್ಸಿಯನ್ನೂ ನುಂಗಿದ ನೀತಿಗೆ ಹೆಸರಿಟ್ಟದ್ದು ಆಮೇಲೆ. ಆ ನೀತಿಯ ಕೈಚಳಕ ಕಿತ್ತೂರಿನ ಬೊಕ್ಕಸದ ಬಾಗಿಲಲ್ಲಿ ಅದಕ್ಕೂ ಎರಡು ದಶಕ ಮುಂಚೆಯೇ ಕಾಣಿಸಿತ್ತು.

ಆದ್ದರಿಂದಲೇ ಕೆಳದಿಯಲ್ಲಿ ಗೆದ್ದದ್ದು ಕಿತ್ತೂರಿನಲ್ಲಿ ಸೋತದ್ದನ್ನು ಒಬ್ಬಳ ಶೌರ್ಯ ಹೆಚ್ಚು, ಇನ್ನೊಬ್ಬಳದು ಕಡಿಮೆ ಎಂದು ವಿವರಿಸಲಾಗದು. ಒಳದ್ರೋಹವೆಂದು ಹೇಳಿ ಕೈತೊಳೆದುಕೊಳ್ಳುವುದೂ ಸುಲಭದ ದಾರಿಯೇ. ಕೆಳದಿಯ ಚೆನ್ನಮ್ಮನ ಎದುರಿಗಿದ್ದ ಬಿಜಾಪುರ ಅಳಿವಿನ ಅಂಚಿನಲ್ಲಿತ್ತು, 1686ರಲ್ಲಿ ಅದು ಬಿದ್ದೇಹೋಯಿತು. ಮೊಗಲರು ದಖ್ಖಣದ ತುಂಬ ಚೆಲ್ಲಿಕೊಂಡು ಸುಸ್ತಾಗಿದ್ದರು. ಒಬ್ಬ ಬಲಿಷ್ಠನ ವಿರುದ್ಧ ಇನ್ನೊಬ್ಬನನ್ನು ನಿಲ್ಲಿಸುವ ಅವಕಾಶ ಅವಳಿಗಿತ್ತು, ದತ್ತುಮಗನನ್ನು ವರ್ಷಗಟ್ಟಲೆ ಕೈಹಿಡಿದು ಪಳಗಿಸುವ ಸಮಯವೂ ಇತ್ತು. 1818ರಲ್ಲಿ ಪೇಶ್ವೆ ಮುಗಿದ ಮೇಲೆ ಕಿತ್ತೂರಿಗೆ ಅಂಥ ಇನ್ನೊಬ್ಬ ಬಲಿಷ್ಠನೇ ಉಳಿದಿರಲಿಲ್ಲ. ದತ್ತು ಆದದ್ದಾದರೂ ಸಾವಿನ ಹಾಸಿಗೆಯಲ್ಲಿ. ಕತ್ತಿಯಿಲ್ಲದೆ ದತ್ತುಪತ್ರಕ್ಕೆ ಬೆಲೆಯೆಲ್ಲಿ ಎಂದು ಕೇಳುವವರಿಗೆ ಕಿತ್ತೂರಿನ ಮುಂದಿನ ಅಧ್ಯಾಯವೇ ಉತ್ತರ. ಚೆನ್ನಮ್ಮ ಸತ್ತ ಮೇಲೆ ಸಂಗೊಳ್ಳಿ ರಾಯಣ್ಣ ದಂಗೆಯೆದ್ದದ್ದು ತನಗೆ ರಾಜ್ಯ ಬೇಕೆಂದಲ್ಲ, ದತ್ತುಮಗ ಶಿವಲಿಂಗಪ್ಪನ ಹೆಸರಿನಲ್ಲಿ. 1831ರ ಜನವರಿಯಲ್ಲಿ ನಂದಗಡದಲ್ಲಿ ನೇಣಿಗೇರುವವರೆಗೂ ಅವನ ಹಿಂದೆ ಜನರನ್ನು ಕಟ್ಟಿದ್ದು ಆ ವಾರಸಿಕೆಯ ಮಾತು. ಕೋಟೆ ಬಿದ್ದು ಆರು ವರ್ಷವಾದರೂ ಥ್ಯಾಕರೆ ಸುಳ್ಳೆಂದ ಪತ್ರವನ್ನು ಊರೂರಿನ ವಾಲೀಕಾರರೂ ರೈತರೂ ನಿಜವೆಂದೇ ನಂಬಿದ್ದರು.

ಇಷ್ಟೆಲ್ಲ ಇದ್ದೂ ಹೆಸರು ಕತ್ತಿಗೆ ಅಂಟಿಕೊಂಡದ್ದಕ್ಕೆ ಕಾರಣ ಇಪ್ಪತ್ತನೆಯ ಶತಮಾನದ ಅಗತ್ಯಗಳಲ್ಲಿದೆ. ಸ್ವಾತಂತ್ರ್ಯ ಹೋರಾಟಕ್ಕೆ ಝಾನ್ಸಿಗಿಂತ ಮುಂಚಿನ ಒಬ್ಬ ರಾಣಿ ಬೇಕಿತ್ತು, ಏಕೀಕರಣದ ಕಾಲದಲ್ಲಿ ಉತ್ತರ ಕರ್ನಾಟಕಕ್ಕೆ ತನ್ನದೇ ಒಂದು ಹೆಮ್ಮೆ ಬೇಕಿತ್ತು. ಬಿ.ಆರ್. ಪಂತುಲು 1961ರಲ್ಲಿ ಬಿ. ಸರೋಜಾದೇವಿಯವರನ್ನು ಚೆನ್ನಮ್ಮನನ್ನಾಗಿಸಿ ತೆರೆಗೆ ತಂದರು. 1977ರಲ್ಲಿ ಅಂಚೆಚೀಟಿ ಬಂತು. ರೈಲಿಗೆ ಆ ಹೆಸರು ಬಂತು, 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೂ ಬಂತು. ಹೆಚ್ಚು ಕಾಲ ಆಳಿ, ಹೆಚ್ಚು ಗೆದ್ದ ಕೆಳದಿಯವಳಿಗೆ ಸಿಕ್ಕಿದ್ದು ಧೈರ್ಯ ತೋರಿದ ಬಾಲಕಿಯರಿಗೆ ಸರ್ಕಾರ ಕೊಡುವ ಒಂದು ಪ್ರಶಸ್ತಿಯ ಹೆಸರು. ಸೋತವಳ ವೈರಿ ಇಂಗ್ಲಿಷರಾಗಿದ್ದರು, ಗೆದ್ದವಳ ವೈರಿಗಳು ಆಗಲೇ ಇತಿಹಾಸದಲ್ಲಿ ಕರಗಿಹೋಗಿದ್ದರು. ಈ ಆಯ್ಕೆಯಲ್ಲಿ ದತ್ತಿನ ಪ್ರಶ್ನೆ ಯುದ್ಧಕ್ಕೆ ಪೀಠಿಕೆಯಾಗಿ ಒಂದು ದೃಶ್ಯಕ್ಕಿಳಿಯಿತು. ಆದರೆ ಆ ಪ್ರಶ್ನೆ ಅರಮನೆಗಳೊಂದಿಗೆ ಮುಗಿದಿರಲಿಲ್ಲ. ವಿಧವೆ ಗಂಡನಿಗಾಗಿ ಅಲ್ಲದೆ ತನಗಾಗಿಯೇ ದತ್ತು ಪಡೆಯಬಹುದೆಂದು ಹಿಂದೂ ಕಾನೂನು ಒಪ್ಪಿದ್ದು 1956ರಲ್ಲಿ. 2007ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ಅನಾವರಣ ಮಾಡಿದಾಗಲೂ ಗಂಡನೊಂದಿಗೆ ಬಾಳುತ್ತಿರುವ ಹಿಂದೂ ಹೆಂಗಸಿಗೆ ತನ್ನ ಹೆಸರಿನಲ್ಲಿ ಮಗುವೊಂದನ್ನು ದತ್ತು ಪಡೆಯುವ ಹಕ್ಕಿರಲಿಲ್ಲ. ಪಡೆಯುವವನು ಗಂಡ, ಹೆಂಡತಿಯದು ಬರೀ ಒಪ್ಪಿಗೆ. ಆ ಕಲಮನ್ನು ಅದೇ ಸಂಸತ್ತು ತಿದ್ದಿದ್ದು 2010ರಲ್ಲಿ.